ಪದಚರ್ಚೆ: ಬ್ರೇಕ್ ‘ಹಿಡಿಯುತ್ತದೆ’ ಮತ್ತು ‘ಹಿಡಿದುಕೊಳ್ಳುತ್ತದೆ’

ಎಲ್ಲರಿಗೂ ನಮಸ್ಕಾರ. ಮಾರಿಸ್ ಮೈನರ್ ಕಾರಿನ ಮುಂದಿನ ಡ್ರಮ್ ಬ್ರೇಕ್ (ಶೂಗಳು ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತುವ ಬಗೆ) ತೆಗೆದು ಡಿಸ್ಕ್ (ಕ್ಯಾಲಿಪರಿನ ಪ್ಯಾಡುಗಳು ಬಿಲ್ಲೆಯನ್ನು ಎರಡೂ ಬದಿಯಿಂದ ಅದುಮುವ ಬಗೆ) ಹಾಕುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಕಡೆ ಪೆನ್ನು ನಿಂತಿದೆ. ಬ್ರೇಕ್ ಪೈಪಿನ ಗಾಳಿ ಹೊರತೆಗೆಯುವ ‘ಬ್ಲೀಡಿಂಗ್’ ಎಂದರೆ ಯಂತ್ರಾನುವಾದ ‘ರಕ್ತಸ್ರಾವ’ ಅನ್ನುತ್ತದೆ. ‘ಗ್ರ್ಯಾಬ್’, ‘ಡ್ರ್ಯಾಗ್’ ಎರಡಕ್ಕೂ ನನಗೆ ‘ಹಿಡಿಯುವುದು’ ಒಂದೇ ಹೊಳೆಯುತ್ತಿದೆ. ‘ಸೆಲ್ಫ್ ಸರ್ವೋ’ಗೆ ‘ಸ್ವಯಂಸಹಾಯಕ’ ಎಂದು ಬರೆದರೆ ಸಂಘದ ಹೆಸರಿನ ಹಾಗೆ ಕೇಳಿಸುತ್ತದೆ. ಗ್ಯಾರೇಜಿನವರೂ ಒಪ್ಪುವ ಮಾತು ಇದ್ದರೆ ತಿಳಿಸಿ.

——

ಮೇಡಂ, ಹೆಸರುಪದಗಳ ಗೋಜಿಗೆ ಹೋಗಬೇಡಿ. ಡ್ರಮ್, ಶೂ, ಲೈನರ್, ಕ್ಯಾಲಿಪರ್, ಪ್ಯಾಡ್, ಹಬ್ ಹಾಗೇ ಇರಲಿ. ‘ತಡೆಬಿಲ್ಲೆ’ ಕೊಡಿ ಅಂದರೆ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯವನೂ ಕಪಾಟು ತೆಗೆಯುವುದಿಲ್ಲ. ಕನ್ನಡ ಕೆಲಸ ಮಾಡಬೇಕಾದದ್ದು ಕ್ರಿಯಾಪದದಲ್ಲಿ. ಎಲ್ಲಿ ಕೆಟ್ಟಿದೆ ಅನ್ನುವುದನ್ನು ಮೆಕ್ಯಾನಿಕ್‌ಗೆ ಹೇಳುವುದು ಅದೇ.

‘ಬ್ರೇಕ್ ಹಿಡಿಯುತ್ತದೆ’ ಎಂದರೆ ಕೆಲಸ ಮಾಡುತ್ತಿದೆ ಎಂದರ್ಥ. ಹುಬ್ಬಳ್ಳಿ ಕಡೆ ಇದನ್ನೇ ‘ಹತ್ತತೈತಿ’, ಹಿಡಿಯದಿದ್ದರೆ ‘ಹತ್ತವಲ್ದು’ ಅನ್ನುತ್ತಾರೆ. ‘ಹಿಡಿದುಕೊಂಡಿದೆ’ ಎಂದರೆ ಕಾಲು ತೆಗೆದ ಮೇಲೂ ಬಿಟ್ಟಿಲ್ಲ ಎಂದು. ಒಂದು ‘ಕೊಳ್ಳು’ ಸೇರಿದ್ದಕ್ಕೆ ಗುಣ ಹೋಗಿ ದೋಷವಾಯಿತು. ನಿಮ್ಮ ‘ಡ್ರ್ಯಾಗ್’ ಇದೇ. ‘ಗ್ರ್ಯಾಬ್’ಗೆ ‘ಗಪ್ಪನೆ ಕಚ್ಚುತ್ತದೆ’ ಎಂದು ಬರೆಯಿರಿ: ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಚಕ್ರ ಕಟ್ಟಿಹಾಕಿದ ಹಾಗೆ ನಿಲ್ಲುತ್ತದೆ.

ಈ ವ್ಯತ್ಯಾಸ ಬರೀ ವ್ಯಾಕರಣದ್ದಲ್ಲ, ನಿಮ್ಮ ಕೈಪಿಡಿಯ ಅರ್ಧ ತೊಂದರೆ ಇಲ್ಲೇ ಇದೆ. ಡ್ರಮ್‌ಗೆಂದು ಮಾಡಿದ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಬಾಯಲ್ಲಿ ಒಂದು ಚಿಕ್ಕ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಅದು ಪೈಪಿನಲ್ಲಿ ಸುಮಾರು 8ರಿಂದ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುತ್ತದೆ. ಶೂಗಳನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳು ಗೋಡೆಗೆ ಅಂಟಿಕೊಂಡಿರಲಿ, ಗಾಳಿ ಒಳಗೆ ಬರದಿರಲಿ ಎಂಬ ಉದ್ದೇಶ. ಶೂಗಳನ್ನು ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗ್ ಇರುವುದರಿಂದ ಡ್ರಮ್‌ಗೆ ಆ ಒತ್ತಡ ಲೆಕ್ಕಕ್ಕಿಲ್ಲ. ಡಿಸ್ಕಿನಲ್ಲಿ ಸ್ಪ್ರಿಂಗೇ ಇಲ್ಲ. ಪಿಸ್ಟನ್ ಸುತ್ತಲಿನ ಚೌಕ ಸೀಲು ತುಸು ಹೊರಳಿ ಹಿಂದಿರುಗುವಾಗ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಅಷ್ಟೇ. ಅಲ್ಲಿ 10 ಪಿಎಸ್‌ಐ ಉಳಿದರೆ ಪ್ಯಾಡು ಡಿಸ್ಕನ್ನು ಹಿಡಿದುಕೊಳ್ಳುತ್ತದೆ, ಕಾಯುತ್ತದೆ, ಸವೆಯುತ್ತದೆ.

ಹಾಗೆಂದು ವಾಲ್ವ್ ಕಿತ್ತು ಸುಮ್ಮನಿರುವಂತೆಯೂ ಇಲ್ಲ. ಮೈನರಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಚಾಸಿಯೊಳಗಿದೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿ. ಆಯಿಲ್ ಹಿಂದಕ್ಕೆ ಇಳಿಯದಂತೆ ಮುಂದಿನ ಲೈನಿಗೆ 2 ಪಿಎಸ್‌ಐ ವಾಲ್ವ್ ಬೇಕು. ಹಿಂದೆ ಡ್ರಮ್ಮೇ ಉಳಿಯುವುದರಿಂದ ಆ ಲೈನಿಗೆ 10ರದ್ದು.

ಹಿಡಿದುಕೊಂಡಿದೆಯೇ ಎಂದು ನೋಡುವುದು ಹೀಗೆ: ಚಕ್ರ ಜಾಕ್ ಮೇಲೆತ್ತಿ, ಪೆಡಲ್ ಒಮ್ಮೆ ಒತ್ತಿ ಬಿಟ್ಟು, ಕೈಯಿಂದ ತಿರುಗಿಸಿ. ಸರ್ ಎಂದು ಮೆಲ್ಲಗೆ ಉಜ್ಜಿದರೆ ಸರಿ. ಎರಡು ಕೈ ಹಾಕಬೇಕಾಯಿತೆಂದರೆ ಕ್ಯಾಲಿಪರಿನ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ತಿರುಪು) ಸಡಿಲಿಸಿ. ನಾಲ್ಕು ಹನಿ ಹೊರಬಂದು ಚಕ್ರ ಬಿಟ್ಟುಕೊಂಡರೆ ಒತ್ತಡ ಲೈನಿನಲ್ಲಿ ನಿಂತಿದೆ: ಹಳೆಯ ವಾಲ್ವ್ ಇನ್ನೂ ಇದೆ, ಹೋಸ್ ಒಳಗೆ ಉಬ್ಬಿದೆ, ಇಲ್ಲವೇ ಪೆಡಲ್ ರಾಡಿಗೆ ಆಟ ಬಿಟ್ಟಿಲ್ಲ. ರಾಡಿನ ತುದಿಗೂ ಪಿಸ್ಟನ್ನಿಗೂ ನಡುವೆ ಮಿಲಿಮೀಟರಿನಷ್ಟಾದರೂ ಆಟ ಇರಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ಆಯಿಲ್ ಮರಳುವ ತೂತನ್ನು ಮುಚ್ಚಿಯೇ ಕೂರುತ್ತದೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯೇ? ಕ್ಯಾಲಿಪರಿನ ಪಿಸ್ಟನ್ ಅಥವಾ ಪಿನ್ನು ಕಚ್ಚಿಕೊಂಡಿದೆ.

‘ಸೆಲ್ಫ್ ಸರ್ವೋ’ಗೂ ಆ ‘ಕೊಳ್ಳು’ವೇ ಉತ್ತರ. ಮೈನರಿನ ಮುಂದಿನ ಪ್ರತಿ ಡ್ರಮ್ಮಿನಲ್ಲಿ ಎರಡೂ ಲೀಡಿಂಗ್ ಶೂಗಳು (ಡ್ರಮ್ ತಿರುಗುವ ದಿಕ್ಕಿನಲ್ಲೇ ಒತ್ತುವಂಥವು), ಒಂದೊಂದಕ್ಕೆ ಒಂದೊಂದು ಸಿಲಿಂಡರ್. ತಿರುಗುವ ಡ್ರಮ್ ಶೂವನ್ನು ತನ್ನತ್ತ ಇನ್ನಷ್ಟು ಎಳೆದುಕೊಳ್ಳುತ್ತದೆ. ಕಾಲು ಅರ್ಧ ಒತ್ತಿದರೆ ಉಳಿದರ್ಧ ಡ್ರಮ್ಮೇ ಒತ್ತಿಕೊಂಡ ಹಾಗೆ. ‘ಎಳೆದುಕೊಳ್ಳುವ ಗುಣ’ ಎಂದು ಬರೆಯಿರಿ. ಡಿಸ್ಕಿಗೆ ಆ ಗುಣ ಇಲ್ಲ, ಒತ್ತಿದಷ್ಟೇ ಹಿಡಿತ. ಡಿಸ್ಕ್ ಹಾಕಿದ ಮೊದಲ ದಿನವೇ ‘ಪೆಡಲ್ ಕಲ್ಲಾಯ್ತು’ ಎಂದು ಗಾಡಿ ವಾಪಸು ಬರುವುದು ಇದರಿಂದ. ಎಂಜಿನ್ನಿನ ನೆರವಿನಿಂದ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಸೇರಿಸುವುದೂ ಇದಕ್ಕೇ. ಅದು ಸರಿ ಇದೆಯೇ ಎಂದರೆ: ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಕೊನೆಯ ಸಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು.

ಪೆಡಲ್ ಬಗೆಗಿನ ಪದಗಳೂ ಬೇರೆ ಬೇರೆ ಇರಲಿ. ‘ಗಟ್ಟಿ’ ಬೇರೆ, ‘ಆಳ’ ಬೇರೆ, ‘ಮೆತ್ತಗೆ’ ಬೇರೆ. ಕ್ಯಾಲಿಪರ್ ಹೆಚ್ಚು ಆಯಿಲ್ ಕೇಳಿದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಅದನ್ನು ಸರಿಪಡಿಸಲು ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) ಮುಕ್ಕಾಲು ಇಂಚಿನಿಂದ 7/8 ಇಂಚಿಗೆ ಏರಿಸಿದರೆ, ಅಷ್ಟೇ ಆಯಿಲ್ ತಳ್ಳಲು ಪೆಡಲ್ ಓಟ ಕಾಲುಭಾಗಕ್ಕಿಂತ ತುಸು ಹೆಚ್ಚೇ ಕಡಿಮೆಯಾಗುತ್ತದೆ. ಆದರೆ ಅದೇ ಕಾಲಿನ ಬಲಕ್ಕೆ ಒತ್ತಡವೂ ಅಷ್ಟೇ ಇಳಿಯುತ್ತದೆ. ಆಳ ಹೋಗಿ ಗಟ್ಟಿ ಬಂತು. ‘ಮೆತ್ತಗೆ’ ಎಂದರೆ ಮಾತ್ರ ಗಾಳಿ.

——

ಮೇಲಿನವರು ‘ಎಳೆ’ಯನ್ನು ಒಳ್ಳೆಯ ಗುಣಕ್ಕೆ ಕೊಟ್ಟುಬಿಟ್ಟರು, ಸ್ವಲ್ಪ ತಡೆಯಿರಿ. ‘ಗಾಡಿ ಎಡಕ್ಕೆ ಎಳೆಯುತ್ತದೆ’ ಎಂಬ ದೂರು ಎಲ್ಲರ ಬಾಯಲ್ಲೂ ಇದೆ. ಹಾಗಾಗಿ ‘ಎಳೆಯುತ್ತದೆ’ ಪದವನ್ನು ಆ ದೋಷಕ್ಕೇ ಮೀಸಲಿಟ್ಟು, ಸೆಲ್ಫ್ ಸರ್ವೋಗೆ ‘ತಾನೇ ಅಮರಿಕೊಳ್ಳುವುದು’ ಎಂದರೆ ಗೊಂದಲವಿಲ್ಲ. ಬಲಗಡೆಯ ಕ್ಯಾಲಿಪರಿನ ಪಿಸ್ಟನ್ ಕದಲದೆ ಆ ಚಕ್ರ ಹಿಡಿಯದಿದ್ದರೆ ಎಡಕ್ಕೆ ಎಳೆಯುವುದು ಸಹಜ.

ಎರಡೂ ಕ್ಯಾಲಿಪರ್ ಅದಲುಬದಲಾಗಿ ಕೂತಿರುವುದೂ ಉಂಟು. ಬೋಲ್ಟು ಸರಿಯಾಗಿ ಕೂರುತ್ತದೆ, ಹೋಸೂ ಮುಟ್ಟುತ್ತದೆ, ಆದರೆ ನಿಪ್ಪಲ್ ಕೆಳಮುಖವಾಗಿರುತ್ತದೆ. ಗಾಳಿ ಮೇಲೇ ನಿಲ್ಲುವುದರಿಂದ ಎಷ್ಟು ಲೀಟರ್ ಆಯಿಲ್ ಸುರಿದರೂ ಪೆಡಲ್ ಮೆತ್ತಗೇ.

ಬ್ಲೀಡಿಂಗಿಗೆ ‘ಗಾಳಿ ತೆಗೆಯುವುದು’ ಸಾಕು, ಗ್ಯಾರೇಜಿನಲ್ಲಿ ‘ಏರ್ ತೆಗಿ’ ಅನ್ನುವುದೂ ಅದನ್ನೇ. ನಿಮ್ಮ ಪುಟಕ್ಕೆ ಒಂದು ಕರಡು: ‘ನಿಪ್ಪಲಿಗೆ ಪಾರದರ್ಶಕ ಪೈಪ್ ಹಾಕಿ, ಇನ್ನೊಂದು ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ನಿಪ್ಪಲನ್ನು ಕಾಲು ಸುತ್ತು ಬಿಚ್ಚಿ. ಗುಳ್ಳೆ ಹೊರಬಂದ ಮೇಲೆ ಮುಚ್ಚಿ. ಆಮೇಲೆಯೇ ಪೆಡಲ್ ಬಿಡಲಿ. ಬಲಗಡೆ ಸ್ಟೀರಿಂಗ್ ಇರುವ ಗಾಡಿಯಲ್ಲಿ ಹಿಂದಿನ ಎಡ ಚಕ್ರದಿಂದ ಶುರುಮಾಡಿ.’ ‘ಮುಚ್ಚಿ’ ಮತ್ತು ‘ಬಿಡಲಿ’ ಹಿಂದುಮುಂದಾದರೆ ಹೊರಗೆ ಹೋದ ಗಾಳಿ ಅದೇ ದಾರಿಯಲ್ಲಿ ಒಳಗೆ ಬರುತ್ತದೆ, ಆದ್ದರಿಂದ ಅನುವಾದದಲ್ಲಿ ಆ ‘ಆಮೇಲೆಯೇ’ಯ ಏಕಾರ ಬಿಡಬೇಡಿ. ಮೈನರಿನಲ್ಲಿ ಆಯಿಲ್ ತುಂಬುವ ಮುಚ್ಚಳ ಕಾರ್ಪೆಟ್ಟಿನ ಕೆಳಗಿದೆ. ಕೆಲಸದ ನಡುವೆ ಅದು ಬರಿದಾದರೆ ಮತ್ತೆ ಮೊದಲಿನಿಂದ.

——

ಇಬ್ಬರಿಗೂ ವಂದನೆ. ‘ಹಿಡಿದುಕೊಳ್ಳು’, ‘ಅಮರಿಕೊಳ್ಳು’, ‘ಗಾಳಿ ತೆಗೆ’ ಮೂರನ್ನೂ ತೆಗೆದುಕೊಂಡೆ. ಇನ್ನೊಂದು ಉಳಿಯಿತು, ‘ಬ್ರೇಕ್ ಫೇಡ್’. ‘ಮಸುಕಾಗುವುದು’ ಒಗ್ಗುತ್ತಿಲ್ಲ.

——

‘ಬಿಸಿಗೆ ಸೋಲುವುದು’. ಘಾಟಿ ಇಳಿಯುವಾಗ ಡ್ರಮ್ ಕಾದು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಆಳಕ್ಕೆ ಹೋಗುತ್ತದೆ. ಡಿಸ್ಕ್ ಕಾದರೆ ದಪ್ಪವಾಗಿ ಪ್ಯಾಡಿನತ್ತಲೇ ಬರುತ್ತದೆ. ಆದರೆ ಆಯಿಲ್ ಕುದ್ದು ಪೆಡಲ್ ನೆಲ ಮುಟ್ಟಿದರೆ ಅದನ್ನು ಸೋಲು ಅನ್ನಬೇಡಿ, ಅದಕ್ಕೆ ‘ಕೈಕೊಡುವುದು’ ಇದೆ.