‘21 ವರ್ಷದೊಳಗಿನ’ ಎಂದರೆ ಎಷ್ಟು ವರ್ಷ?

ನಮಸ್ಕಾರ. ಸಣ್ಣ ಪದವೊಂದರಲ್ಲಿ ಸಿಕ್ಕಿಕೊಂಡಿದ್ದೇನೆ. ಬಲ್ಲವರು ಬಿಡಿಸಿ.

ಯುರೋಪಿನ ಕಿರಿಯರ ಫುಟ್‌ಬಾಲ್ ಬಗ್ಗೆ ಒಂದು ಬರಹ ತಿದ್ದುತ್ತಿದ್ದೆ. ಅದರಲ್ಲಿ 2023ರ ಫೈನಲ್ ಬಂತು. ಜಾರ್ಜಿಯಾದ ಬಟುಮಿಯಲ್ಲಿ ಇಂಗ್ಲೆಂಡ್ ಮತ್ತು ಸ್ಪೇನ್. ಇಂಗ್ಲೆಂಡ್ 1-0 ಮುಂದಿದೆ. ಆಟ ಇನ್ನೇನು ಮುಗೀತು ಅನ್ನುವಾಗ ಸ್ಪೇನಿಗೆ ಪೆನಾಲ್ಟಿ. ಅಬೆಲ್ ರುಯಿಜ್ ಒದ್ದ, ಗೋಲ್‌ಕೀಪರ್ ಜೇಮ್ಸ್ ಟ್ರಾಫರ್ಡ್ ತಡೆದ. ವಾಪಸ್ ಚಿಮ್ಮಿದ ಚೆಂಡಿಗೆ ಬಿದ್ದ ಒದೆಯನ್ನೂ ತಡೆದ! ಕಪ್ ಇಂಗ್ಲೆಂಡಿಗೆ ಹೋಯಿತು.

ಇಷ್ಟೂ ಸರಿ. ಟೂರ್ನಿಯ ಹೆಸರು ‘21 ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಷಿಪ್’ ಅಂತಿತ್ತು. ಎರಡು ಸಾಲು ಬಿಟ್ಟು ರುಯಿಜ್ ಹುಟ್ಟಿದ ದಿನ: 28 ಜನವರಿ 2000. ಪಂದ್ಯ ನಡೆದದ್ದು 8 ಜುಲೈ 2023ಕ್ಕೆ. ಅಂದರೆ ಹುಡುಗನಿಗೆ 23 ತುಂಬಿ ಐದು ತಿಂಗಳಾಗಿತ್ತು. ತಾರೀಖು ತಪ್ಪಿದೆ ಅಂತ ಕೆಂಪು ಗೆರೆ ಎಳೆದೆ.

ತಪ್ಪಿದ್ದು ನಾನೇ. ಆ ಟೂರ್ನಿಗೆ 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಆಡಬಹುದಿತ್ತು. ಅರ್ಹತಾ ಪಂದ್ಯಗಳು 2021ರಲ್ಲೇ ಶುರು, ಗೆರೆ ಎಳೆದದ್ದು ಆ ವರ್ಷದ ಲೆಕ್ಕಕ್ಕೆ. ಫೈನಲ್ ಹೊತ್ತಿಗೆ ಹುಡುಗರು ಬೆಳೆದಿದ್ದರು, ಟೂರ್ನಿಯ ಹೆಸರು ಮಾತ್ರ ಬೆಳೆದಿರಲಿಲ್ಲ.

ಭಾರತದಲ್ಲಿ ನಡೆದ 2017ರ ಅಂಡರ್-17 ವಿಶ್ವಕಪ್‌ನಲ್ಲೂ ಇದೇ ಕಥೆ. ಕೋಲ್ಕತ್ತದ ಫೈನಲ್‌ನಲ್ಲಿ ಎರಡು ಗೋಲು ಹೊಡೆದ ಫಿಲ್ ಫೋಡೆನ್‌ಗೆ ಆ ದಿನಕ್ಕೆ ಸರಿಯಾಗಿ 17 ವರ್ಷ 5 ತಿಂಗಳು.

ಈಗ ಕನ್ನಡದ ಪ್ರಶ್ನೆ. ‘ಅಂಡರ್-21’ ಅಂದಾಗ ಅದು ಬರೀ ಹೆಸರು, ಯಾರೂ ಬಿಡಿಸಿ ನೋಡುವುದಿಲ್ಲ. ‘21 ವರ್ಷದೊಳಗಿನವರ’ ಅಂದ ಕೂಡಲೇ ಅದು ಒಂದು ಮಾತಾಗುತ್ತದೆ, ನಿಜವೋ ಸುಳ್ಳೋ ಅಂತ ಕೇಳಬಹುದಾದ ಮಾತು. ಅದರ ಮೇಲೆ ‘ಒಳಗೆ’ಯೇ ಜಾರುವ ಪದ. ‘10ನೇ ತಾರೀಖಿನೊಳಗೆ ಹಣ ಕಟ್ಟಿ’ ಅಂದರೆ 10ರಂದು ಕಟ್ಟಿದವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ‘ಐದು ಗಂಟೆಯೊಳಗೆ ಬಾ’ ಅಂದರೆ ಐದಾದ ಮೇಲೆ ಬಂದವನು ತಡವಾಗಿ ಬಂದ ಹಾಗೆ. ಹಾಗಾದರೆ 21 ಒಳಗಿದೆಯೋ ಹೊರಗಿದೆಯೋ?

ಹಾಗೆ ನೋಡಿದರೆ ವಯಸ್ಸಿನ ವಿಷಯದಲ್ಲಿ ಕನ್ನಡ ತುಂಬಾ ಕರಾರುವಾಕ್ಕು. ‘ಹದಿನೇಳು ತುಂಬಿತು’ ಬೇರೆ, ‘ಹದಿನೇಳು ನಡೀತಿದೆ’ ಬೇರೆ. ನಡೆಯುತ್ತಿರುವುದಾದರೆ ತುಂಬಿರುವುದು ಹದಿನಾರೇ. ಇಷ್ಟು ಚೆನ್ನಾದ ಜೋಡಿ ಮನೆಯಲ್ಲಿರುವಾಗ ಸುದ್ದಿ ಬರೆಯುವಾಗ ಮಾತ್ರ ‘ಒಳಗಿನ’ ಯಾಕೆ ಹಿಡಿದೆವೋ! ಆದರೆ ‘21 ತುಂಬದವರ’ ಅಂತಲೂ ಬರೆಯುವ ಹಾಗಿಲ್ಲ, ಅದು ಇನ್ನೂ ದೊಡ್ಡ ಸುಳ್ಳು. ‘21ರ ಕೆಳಗಿನವರ’ ಓದಿದರೆ ಯಾರೋ ಮಂಚದ ಕೆಳಗೆ ಕೂತ ಹಾಗೆ ಕೇಳುತ್ತದೆ. ‘21ರ ವಯೋಮಿತಿಯ’ ಸ್ವಲ್ಪ ವಾಸಿ, ಮಿತಿ ಯಾವ ದಿನಕ್ಕೆ ಅನ್ನುವುದನ್ನು ಅದು ಹೇಳಲು ಹೋಗುವುದಿಲ್ಲ. ಆದರೂ ಸರ್ಕಾರಿ ಅರ್ಜಿಯ ವಾಸನೆ.

ಸದ್ಯಕ್ಕೆ ಹೆಸರನ್ನು ‘ಅಂಡರ್-21’ ಎಂದೇ ಉಳಿಸಿ, ಮೊದಲ ಪ್ಯಾರಾದಲ್ಲೇ ‘2000 ಅಥವಾ ಆಮೇಲೆ ಹುಟ್ಟಿದವರು’ ಅಂತ ಬರೆದಿದ್ದೇನೆ. ನೀವಾದರೆ ಏನು ಬರೆಯುತ್ತಿದ್ದಿರಿ?

ಇದರ ಬಾಲಕ್ಕೇ ಇನ್ನೊಂದು. ದಕ್ಷಿಣ ಏಷ್ಯಾದ ಸ್ಯಾಫ್ ಅಂಡರ್-19 ಟೂರ್ನಿಯಲ್ಲಿ ಆಡುವ ಹುಡುಗಿಯರನ್ನು ಏನೆನ್ನುವುದು? ‘ಬಾಲಕಿಯರು’ ಅಂದರೆ ಚಿಕ್ಕವರಾಗುತ್ತಾರೆ, ‘ಮಹಿಳೆಯರು’ ಅಂದರೆ ಜಾಸ್ತಿಯಾಯಿತು. ‘ವನಿತೆಯರು’ ಅನ್ನುವುದನ್ನು ಕ್ರೀಡಾಪುಟದ ಆಚೆ ಯಾರ ಬಾಯಲ್ಲೂ ಕೇಳಿಲ್ಲ. ನನಗೇನೋ ‘ಹುಡುಗಿಯರು’ ಸಾಕು ಅನ್ನಿಸುತ್ತದೆ. ಹೌದಲ್ವಾ?