ಎರಡು ದಿನದ ಚಾರಣಕ್ಕೆ ಎಷ್ಟು ಲೀಟರ್ ಬ್ಯಾಗ್?

ಪ್ರಶ್ನೆ: ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಘಟ್ಟದ ಕಡೆ ಎರಡು ದಿನದ ಚಾರಣ. 60 ಲೀಟರ್ ಬ್ಯಾಗ್ ಬೇಕಾ? ಈಗಿರೋದರಲ್ಲಿ ಭಾರವೆಲ್ಲ ಭುಜಕ್ಕೇ ಬೀಳುತ್ತೆ.

ಉತ್ತರ: 40 ಧಾರಾಳ ಸಾಕು ಸರ್, ದೊಡ್ಡದಾದರೆ ಬೇಡದ್ದೂ ಸೇರುತ್ತೆ. ಲೀಟರಿಗಿಂತ ಬೆನ್ನಿನ ಅಳತೆ ಮುಖ್ಯ: ಕತ್ತು ಬಗ್ಗಿಸಿದಾಗ ಉಬ್ಬಿ ಕೈಗೆ ಸಿಗುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪ್ ಹಿಡಿಸಿ. ಅಂಗಡಿಯಲ್ಲಿ ಏಳೆಂಟು ಕೆಜಿ ತುಂಬಿಸಿಯೇ ಹಾಕಿ ನೋಡಿ. ಮೊದಲು ಸೊಂಟದ ಬೆಲ್ಟ್ ಬಿಗಿಯಬೇಕು, ಆಮೇಲೆ ಭುಜದ ಪಟ್ಟಿ. ಬೆಲ್ಟ್ ಮೂಳೆ ಬಿಟ್ಟು ಹೊಟ್ಟೆ ಮೇಲೆ ಕೂತರೆ ಜಾರಿ, ಭಾರ ಭುಜಕ್ಕೇ ಬರುತ್ತೆ.

ಉತ್ತರ: ಬಟ್ಟೆ ತಳಕ್ಕೆ, ನೀರು, ಊಟ ನಡುವೆ, ಬೆನ್ನಿಗೆ ಒತ್ತಿಕೊಂಡಂತೆ. ಹೊರಜೇಬಲ್ಲಿ ಭಾರವಿದ್ದರೆ ಏರಿನಲ್ಲಿ ಹಿಂದಕ್ಕೆ ಎಳೆಯುತ್ತೆ.

ಉತ್ತರ: ಮಳೆಗಾಲವಾದರೆ ರೇನ್ ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಾಯಿ ಮೂರು ಸುತ್ತು ಮಡಚಿ.