ಸ್ಲಿಪ್ಪರ್ ಆರ್ಕಿಡ್: ‘ವಂಧ್ಯ ಕೇಸರ’ಕ್ಕೆ ಬದಲು ‘ಬಿಲ್ಲೆ’ ಅನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಸ್ಟಾಮಿನೋಡ್ ಎಂಬ ಹೂವಿನ ಭಾಗಕ್ಕೆ ಬಾಯಲ್ಲಿ ಆಡುವ ಹಾಗಿರುವ ಒಂದು ಕನ್ನಡ ಪದ ಬೇಕು. ‘ವಂಧ್ಯ ಕೇಸರ’ (ಪರಾಗ ಕೊಡದ ಕೇಸರ) ನನಗೆ ಒಗ್ಗುತ್ತಿಲ್ಲ.

ಮನೆಯಲ್ಲಿ ನೆರಳುಬಲೆಯ ಕೆಳಗೆ ಸ್ಲಿಪ್ಪರ್ ಆರ್ಕಿಡ್ ಬೆಳೆಸುತ್ತೇನೆ. ಪ್ಯಾಫಿಯೋಪೆಡಿಲಮ್ ಕುಲದವು. ಒಂದಕ್ಕೊಂದು ತೀರಾ ಹತ್ತಿರದ ಪ್ರಭೇದಗಳು. ಕುಂಡದ ಚೀಟಿ ಅಳಿಸಿ ಹೋದರೆ ಹೂ ನೋಡಿಯೇ ಗುರುತು ಹಿಡಿಯಬೇಕು. ಅದಕ್ಕಾಗಿ ಗುರುತುಗಳನ್ನು ಕನ್ನಡದಲ್ಲೇ ಬರೆದಿಡುತ್ತಿದ್ದೇನೆ.

ಬಹುಪಾಲು ಪದಗಳು ಮನೆಮಾತಿನಲ್ಲೇ ಸಿಕ್ಕವು. ನೈವಿಯಮ್ ಎಂಬ ಪ್ರಭೇದದ ಬಿಳಿ ಎಸಳಿನ ಮೇಲೆ ಇರುವುದು ‘ಚುಕ್ಕೆ’, ಸಣ್ಣದು, ವಿರಳ. ಬೆಲ್ಲಾಟುಲಮ್‌ನಲ್ಲಿ ಇರುವುದು ‘ಬೊಟ್ಟು’, ದೊಡ್ಡದು, ಕಡು ಕೆಂಗಂದು. ಈ ಎರಡನ್ನೂ ಚುಕ್ಕೆ ಅಂತ ಬರೆದರೆ ಚೀಟಿ ಬರೆದೂ ಉಪಯೋಗವಿಲ್ಲ, ಅಲ್ವಾ? ಕ್ಯಾಲೋಸಮ್ ಮತ್ತು ಲಾರೆನ್ಸಿಯಾನಮ್ ವಿಷಯದಲ್ಲಿ ‘ನರಹುಲಿ’ ಕೈಹಿಡಿಯಿತು. ಎಸಳಿನ ಅಂಚಿನಲ್ಲಿ ಕಪ್ಪಗೆ ಉಬ್ಬಿರುತ್ತವಲ್ಲ, ಅವು. ಕ್ಯಾಲೋಸಮ್‌ನಲ್ಲಿ ಹೆಚ್ಚಾಗಿ ಮೇಲಂಚಿನಲ್ಲಿ, ಎಸಳು ಕೆಳಕ್ಕೆ ಬಾಗಿರುತ್ತದೆ. ಲಾರೆನ್ಸಿಯಾನಮ್‌ನಲ್ಲಿ ಎರಡೂ ಅಂಚಿನಲ್ಲಿ, ಎಸಳು ನೆಟ್ಟಗೆ ಅಡ್ಡಕ್ಕೆ ಚಾಚಿರುತ್ತದೆ. ಎರಡರ ನಡುವೆ ಎಲ್ಲೋ ನಿಂತ ಹೂವಾದರೆ ಅದು ಬಹುಶಃ ‘ಮಾಡಿಯೇ’ (Maudiae) ಎಂಬ ಹೆಸರಿನ ಮಿಶ್ರತಳಿ. ಇವೆರಡನ್ನೂ ಕೂಡಿಸಿ 1900ರಲ್ಲಿ ಇಂಗ್ಲೆಂಡಿನಲ್ಲಿ ತಂದದ್ದು. ಹೆಸರಿಗೆ ತಕ್ಕ ಹಾಗೆ ಮನುಷ್ಯರು ಮಾಡಿಯೇ ಬಂದ ಹೂ!

ಇನ್ನು ಹೂವಿನ ಹೆಸರು. ಸುಮ್ನೆ ‘ಚಪ್ಪಲಿ ಆರ್ಕಿಡ್’ ಅನ್ನುವವರಿದ್ದಾರೆ. ನನಗೆ ಅದು ಸರಿ ಕಾಣದು. ಚಪ್ಪಲಿಯ ಮುಂಭಾಗ ತೆರೆದಿರುತ್ತದೆ. ಈ ಹೂವಿನ ತುಟಿ (ಕೆಳಗಿನ ಎಸಳು) ಮುಂದೆ ಮುಚ್ಚಿಕೊಂಡು ಚೀಲದಂತಿದೆ. ಹಾಗೆ ನೋಡಿದರೆ ‘ಚಡಾವು’, ಅಂದರೆ ಹಳೆಯ ಕಾಲದ ಮುಚ್ಚಿದ ಜೋಡು, ಹತ್ತಿರ. ‘ಪಾಪಾಸು’ ಕೂಡ ಆದೀತು, ಪಾಪಾಸುಕಳ್ಳಿಯಲ್ಲಿ ಅದು ಆಗಲೇ ಗಿಡದ ಹೆಸರಿಗೆ ಹೊಕ್ಕಿದೆ. (ಪಾಪಾಸಿಗೂ ಪ್ಯಾಫಿಯೋಗೂ ನಂಟಿಲ್ಲ. ಒಂದು ಪಾರಸಿಯ ಪಾಪೋಶ್. ಇನ್ನೊಂದು ಸೈಪ್ರಸ್ ದ್ವೀಪದ ಪಾಫೋಸ್, ಗ್ರೀಕರ ಪ್ರೇಮದೇವತೆಯ ಊರು.) ನಮ್ಮ ಕಾಡಿನವರು ಇಟ್ಟ ಹೆಸರು ಸಿಗುವುದಿಲ್ಲ, ಏಕೆಂದರೆ ಈ ಕುಲ ಕರ್ನಾಟಕದ ಕಾಡಿನಲ್ಲಿ ಬೆಳೆಯುವುದೇ ಇಲ್ಲ. ದಕ್ಷಿಣ ಭಾರತಕ್ಕೆಲ್ಲ ಒಂದೇ ಪ್ರಭೇದ, ಡ್ರೂರಿಯೈ. ಅದೂ ದೂರದ, ಕೇರಳ–ತಮಿಳುನಾಡು ಗಡಿಯ ಅಗಸ್ತ್ಯಮಲೆಯಲ್ಲಿ. ನಮ್ಮ ಕಾಡಿನ ಆರ್ಕಿಡ್‌ಗಿರುವ ‘ಸೀತಾಳೆ’ಯಂಥ ಸೊಗಸಾದ ಹೆಸರು ಇದಕ್ಕೆ ಬಾರದ್ದು ಅದಕ್ಕೇ.

ಈಗ ಮುಖ್ಯ ವಿಷಯ. ಹೆಚ್ಚಿನ ಆರ್ಕಿಡ್‌ಗಳಲ್ಲಿ ಪರಾಗ ಕೊಡುವ ಕೇಸರ ಒಂದೇ. ಇವುಗಳಲ್ಲಿ ಎರಡು, ಅಕ್ಕಪಕ್ಕದಲ್ಲಿ. ಇನ್ನೊಂದು ಕೇಸರ ಚಪ್ಪಟೆಯಾಗಿ ಹೂವಿನ ನಟ್ಟನಡುವೆ, ಚೀಲದ ಬಾಯಿಯ ಮೇಲೆ ಕೂತಿರುತ್ತದೆ. ಅದೇ ಸ್ಟಾಮಿನೋಡ್. ಚೀಲಕ್ಕೆ ಬಿದ್ದ ಹುಳ ಬಂದ ದಾರಿಯಲ್ಲಿ ಏರಲಾರದು. ಹಿಂದಿನಿಂದ ಹತ್ತಿ, ಇದರ ಎಡಕ್ಕೋ ಬಲಕ್ಕೋ ಇರುವ ಕಿಂಡಿಯಲ್ಲಿ ನುಸುಳಬೇಕು. ಹಾಗೆ ನುಸುಳುವಾಗಲೇ ಬೆನ್ನಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಇಷ್ಟೆಲ್ಲ ಕೆಲಸದ ನಡುವೆ ನಿಂತಿರುವುದನ್ನು ಬರೀ ‘ವಂಧ್ಯ’ ಅಂದರೆ ಅದು ಏನಲ್ಲ ಅಂತ ಹೇಳಿದ ಹಾಗಾಯಿತೇ ಹೊರತು ಏನು ಅಂತ ಹೇಳಿದ ಹಾಗಾಗಲಿಲ್ಲ.

ಗುರುತು ಹಿಡಿಯುವವರಿಗೆ ಇದು ದೊಡ್ಡ ಆಸರೆ. ಬಿಸಿಲು, ಚಳಿ, ಗೊಬ್ಬರದ ಮೇಲೆ ಹೂವಿನ ಬಣ್ಣ ಹೆಚ್ಚುಕಡಿಮೆ ಆಗುತ್ತದೆ. ಇದರ ಆಕಾರ ಅಷ್ಟು ಸುಲಭಕ್ಕೆ ಬದಲಾಗದು. ಕ್ಯಾಲೋಸಮ್, ಲಾರೆನ್ಸಿಯಾನಮ್‌ನಂಥ ಚಿತ್ತಾರದ ಎಲೆಯವುಗಳಲ್ಲಿ ಅದು ಅರ್ಧಚಂದ್ರದ ಆಕಾರ. ಇನ್ಸಿಗ್ನೆ, ವಿಲ್ಲೋಸಮ್ ಬಳಗದಲ್ಲಿ ತಲೆಕೆಳಗಾದ ಹೃದಯದ ಆಕಾರ, ನಡುವೆ ಪುಟ್ಟ ಗುಬುಟು. ಬಳಗದೊಳಗೆ ಬೇರ್ಪಡಿಸಲು ಮತ್ತೆ ಎಸಳಿನ ಕಡೆ ಹೋಗಬೇಕು: ಇನ್ಸಿಗ್ನೆಯ ಮೇಲಿನ ಹೊರದಳದಲ್ಲಿ ಬೊಟ್ಟುಗಳು, ವಿಲ್ಲೋಸಮ್‌ನಲ್ಲಿ ಬೊಟ್ಟಿಲ್ಲ, ಎಸಳಿಗೆ ಹೊಳಪು ಜಾಸ್ತಿ, ಎಸಳಿನ ಉದ್ದಕ್ಕೂ ನಡುವೆ ಎಳೆದ ಗೆರೆಯಿಂದ ಮೇಲಿನ ಅರ್ಧ ಗಾಢ, ಕೆಳಗಿನ ಅರ್ಧ ತಿಳಿ.

ಹಾಗಾಗಿ ನಾನು ಸದ್ಯಕ್ಕೆ ‘ಬಿಲ್ಲೆ’ ಎಂದು ಬರೆದುಕೊಳ್ಳುತ್ತಿದ್ದೇನೆ. ಕಚೇರಿಯ ‘ಬಿಲ್ಲೆ ಜವಾನ’ನ ಪಟ್ಟಿಯ ಮೇಲಿನ ಲೋಹದ ಬಿಲ್ಲೆ ಇದೆಯಲ್ಲ, ಅದು. ‘ಅರ್ಧಚಂದ್ರ ಬಿಲ್ಲೆ’, ‘ಗುಬುಟು ಬಿಲ್ಲೆ’ ಅಂತ ಕೂಡಿಸಲೂ ಬರುತ್ತದೆ. ‘ಗುರಾಣಿ’ಯನ್ನೂ ಯೋಚಿಸಿದೆ. ಆದರೆ ಇದು ಏನನ್ನೋ ತಡೆಯುತ್ತಿದೆ ಎಂಬ ಅರ್ಥ ಬಂದುಬಿಡುತ್ತದೆ.

ನನ್ನ ಪ್ರಶ್ನೆ ಎರಡು. ನಿಮ್ಮ ಕಡೆ ಬಿಲ್ಲೆ ಅಂದರೆ ನಾಣ್ಯ, ಹೆಂಚಿನ ಚೂರು ಅಂತ ಬೇರೆಯೇ ಅರ್ಥ ಮೊದಲು ಹೊಳೆಯುತ್ತದೆಯೇ? ಮತ್ತೆ, ಚುಕ್ಕೆಗಿಂತ ದೊಡ್ಡದು ಬೊಟ್ಟು ಎಂಬ ಲೆಕ್ಕ ಎಲ್ಲ ಕಡೆಯೂ ನಡೆಯುತ್ತದೆಯೇ, ಅಥವಾ ಉಲ್ಟಾ ಹೇಳುವವರೂ ಇದ್ದಾರೆಯೇ?